ಕಾಲ್ಚೆಂಡಿನ ಅಭಿಮಾನ: ನೋಡುವವನಿಗೂ ಒಂದು ಧರ್ಮವುಂಟು

2022ನೆಯ ಇಸವಿಯ ಡಿಸೆಂಬರ್ 18, ಭಾನುವಾರ. ಧನುರ್ಮಾಸದ ಚಳಿಗೆ ಗುಬ್ಬಿಯ ಬೀದಿಗಳು ಬೇಗನೆ ನಿರ್ಜನವಾಗಿದ್ದ ರಾತ್ರಿ. ಲಿಂಗಪೂಜೆ, ಪ್ರಸಾದಗಳನ್ನು ಮುಗಿಸಿ, ಓದುತ್ತಿದ್ದ ಗ್ರಂಥವನ್ನು ಹಿಡಿದು ಪಡಸಾಲೆಗೆ ಬಂದರೆ ಅಲ್ಲಿ ನಾನು ಕುಳಿತುಕೊಳ್ಳುವ ಸ್ಥಳವೇ ಇರಲಿಲ್ಲ. ಹೈಸ್ಕೂಲಿನಲ್ಲಿ ಓದುತ್ತಿದ್ದ ನನ್ನ ಮೊಮ್ಮಗ ಬಿಳಿ ಮತ್ತು ತಿಳಿನೀಲಿ ಪಟ್ಟೆಯ ಅಂಗಿಯನ್ನು ತೊಟ್ಟು ಟಿ.ವಿ.ಯ ಮುಂದೆ ಆಸೀನನಾಗಿದ್ದ. ಎರಡು ಮನೆಯಾಚೆಯ ಹುಡುಗ, ಬಾಲ್ಯದಿಂದ ಅವನ ಜೊತೆಗಾರ, ಕಡುನೀಲಿ ಅಂಗಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ. ಒಬ್ಬನು ಅರ್ಜೆಂಟೀನಾ ಪಕ್ಷ, ಮತ್ತೊಬ್ಬನು ಫ್ರಾನ್ಸ್ ಪಕ್ಷ.

“ಏನಪ್ಪಾ ಇದು, ನಾಳೆ ಸ್ಕೂಲಿಲ್ಲವೇ?” ಎಂದೆ.

“ತಾತ, ಇವತ್ತು ವಿಶ್ವಕಪ್ ಫೈನಲ್. ನಾಲ್ಕು ವರ್ಷಕ್ಕೊಂದು ಸಲ ಬರೋದು. ನೀವೂ ಕೂತ್ಕೊಳ್ಳಿ” ಎಂದ ಮೊಮ್ಮಗ. ಗದರಿಸಬೇಕೆಂದು ಬಂದವನು ಕುಳಿತೆ. ಕುಳಿತವನು ಏಳಲಿಲ್ಲ.

ಆ ರಾತ್ರಿ ಕತಾರ್ ದೇಶದ ಲುಸೈಲ್ ಕ್ರೀಡಾಂಗಣದಲ್ಲಿ ನಡೆದುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಮೊದಲರ್ಧದಲ್ಲಿಯೇ ಅರ್ಜೆಂಟೀನಾ ಎರಡು ಗೋಲುಗಳಿಂದ ಮುಂದಿತ್ತು. 80ನೆಯ ನಿಮಿಷದವರೆಗೂ ಫ್ರಾನ್ಸಿಗೆ ಉಸಿರಿರಲಿಲ್ಲ. ಆಮೇಲೆ ಎಂಬಾಪೆ ಎಂಬ ತರುಣನು ಎರಡು ನಿಮಿಷಗಳೊಳಗೆ ಎರಡು ಗೋಲುಗಳನ್ನು ಹೊಡೆದು ಆಟವನ್ನು ಸಮಗೊಳಿಸಿದ. ಹೆಚ್ಚುವರಿ ಅವಧಿಯಲ್ಲಿ ಮೆಸ್ಸಿ ಮತ್ತೊಂದು ಗೋಲು ಹೊಡೆದರೆ, ಎಂಬಾಪೆ ಅದಕ್ಕೂ ಉತ್ತರ ಕೊಟ್ಟ. ಕೊನೆಗೆ 3–3 ಸಮವಾಗಿ, ಪೆನಾಲ್ಟಿ ಹೊಡೆತಗಳಲ್ಲಿ 4–2ರಿಂದ ಅರ್ಜೆಂಟೀನಾ ಗೆದ್ದಿತು. ಮೂರು ಗೋಲು ಹೊಡೆದವನು ಸೋತು ತಲೆ ತಗ್ಗಿಸಿ ಕುಳಿತ ದೃಶ್ಯವನ್ನು ನೋಡಿ ನನ್ನ ಮನಸ್ಸೂ ಕರಗಿತು. ಪುರುಷಪ್ರಯತ್ನಕ್ಕೂ ಫಲಕ್ಕೂ ನಡುವೆ ಎಷ್ಟು ಅಂತರವಿದೆಯೆಂಬುದನ್ನು ಗ್ರಂಥಗಳಲ್ಲಿ ಓದಿ ತಿಳಿದಿದ್ದೆ. ಕಣ್ಣಾರೆ ಕಂಡದ್ದು ಅಂದು.

ಆದರೆ ನಾನು ಇಲ್ಲಿ ಹೇಳಹೊರಟಿರುವುದು ಆ ಪಂದ್ಯದ ಕಥೆಯನ್ನಲ್ಲ, ಪಂದ್ಯ ಮುಗಿದ ಮೇಲೆ ನಮ್ಮ ಬೀದಿಯಲ್ಲಿ ನಡೆದ ಕಥೆಯನ್ನು.

ಎಳ್ಳು ಬಾರದ ಸಂಕ್ರಾಂತಿ

ಸೋತ ಪಕ್ಷದ ಹುಡುಗ ಎದ್ದು, “ರೆಫರಿಯನ್ನು ಕೊಂಡುಕೊಂಡಿದ್ದಾರೆ” ಎಂದ. ನಮ್ಮವನು ನಕ್ಕ. ಮಾತಿಗೆ ಮಾತು ಬೆಳೆದು, ಆ ಹುಡುಗ ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದ. ಹತ್ತು ನಿಮಿಷ ಕಳೆದಿರಬೇಕು, ಬೀದಿಯಲ್ಲಿ ಢಮಾರೆಂದು ಶಬ್ದವಾಯಿತು. ದೀಪಾವಳಿಯಲ್ಲಿ ಉಳಿದಿದ್ದ ಪಟಾಕಿಯ ಸರವನ್ನು ನನ್ನ ಮೊಮ್ಮಗ ಆ ಮನೆಯ ಜಗುಲಿಯ ಮುಂದೆಯೇ ಹಚ್ಚಿ ಬಂದಿದ್ದ. ಆ ಮನೆಯಲ್ಲಿ ಕಾಯಿಲೆಯಿಂದ ಮಲಗಿದ್ದ ವೃದ್ಧೆಯೊಬ್ಬರು ಬೆಚ್ಚಿ ಎದ್ದು ಕುಳಿತು, ಬೆಳಗಿನವರೆಗೂ ನಿದ್ರೆ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು. ಶಬ್ದ ಕೇಳಿದಾಗ ನಾನು ಏನು ಮಾಡಿದೆನೆಂದು ಸತ್ಯವಾಗಿ ಹೇಳಬೇಕು. ಮೊಮ್ಮಗನ ಉತ್ಸಾಹವನ್ನು ನೋಡಿ ಒಳಗೊಳಗೇ ಮುಗುಳ್ನಕ್ಕೆ. ಹುಡುಗಾಟವೆಂದು ಸುಮ್ಮನಾದೆ.

ಮರುದಿನದಿಂದ ಇಬ್ಬರೂ ಮಾತು ಬಿಟ್ಟರು. ಒಟ್ಟಿಗೆ ಶಾಲೆಗೆ ಹೋಗುತ್ತಿದ್ದವರು ಬೀದಿಯ ಎರಡು ಬದಿಗಳಲ್ಲಿ ನಡೆಯತೊಡಗಿದರು. ಮಕ್ಕಳ ಮುನಿಸು ಮಧ್ಯಾಹ್ನದವರೆಗೆ ಎಂದುಕೊಂಡಿದ್ದೆವು. ಸಂಕ್ರಾಂತಿ ಬಂದಿತು. ಅಂದು ಸಂಜೆ ನನ್ನ ಸೊಸೆ ನನ್ನ ಬಳಿಗೆ ಬಂದು, “ಮಾವ, ಈ ಸಲ ಆ ಮನೆಯಿಂದ ಎಳ್ಳು ಬರಲಿಲ್ಲ. ನಾನೂ ಬೀರೋದಕ್ಕೆ ಹೋಗಲಿಲ್ಲ” ಎಂದಳು. ಮೂವತ್ತು ವರ್ಷಗಳಿಂದ ಎಳ್ಳುಬೆಲ್ಲದ ತಟ್ಟೆ ತಪ್ಪದೆ ಹೋಗಿ ಬರುತ್ತಿದ್ದ ಎರಡು ಮನೆಗಳು ಅವು. ಸಾವಿರಾರು ಮೈಲಿಗಳಾಚೆ, ನಾವಾರೂ ಕಾಣದ ಎರಡು ದೇಶಗಳು ಆಡಿದ ಆಟವು ಗುಬ್ಬಿಯ ಒಂದು ಬೀದಿಯಲ್ಲಿ ನೆರೆಹೊರೆಯನ್ನು ಒಡೆಯಿತು. ಆ ಮಾತು ನನ್ನನ್ನು ಅನೇಕ ದಿನ ಚುಚ್ಚಿತು.

ಆಗ ನನ್ನಲ್ಲಿ ಹುಟ್ಟಿದ ಪ್ರಶ್ನೆ ಇದು: ಆಟವನ್ನು ಆಡದೆ, ಕೇವಲ ನೋಡಿ ಪ್ರೀತಿಸುವ ಈ ಅಭಿಮಾನವೆಂಬುದು ಏನು? ಅದು ಬರಿಯ ಕಾಲಹರಣವೋ, ಮೋಹವೋ, ಅಥವಾ ನಿತ್ಯಜೀವನಕ್ಕೆ ಅದರಿಂದ ಏನಾದರೂ ದಕ್ಕುವುದುಂಟೋ?

ಅಭಿಮಾನವೆಂಬ ಪದ

ಸಂಸ್ಕೃತ ಶಾಸ್ತ್ರಗಳಲ್ಲಿ ಅಭಿಮಾನವೆಂಬುದು ಒಳ್ಳೆಯ ಪದವಲ್ಲ. ಸಾಂಖ್ಯರು ಅಹಂಕಾರತತ್ತ್ವಕ್ಕೆ ಲಕ್ಷಣ ಹೇಳುವಾಗ ಅದನ್ನು ಅಭಿಮಾನವೆಂದೇ ಕರೆದಿದ್ದಾರೆ. ನಾನು, ನನ್ನದು ಎಂಬ ಅಂಟಿಗೆ ಅಲ್ಲಿ ಅದು ಹೆಸರು. ಆದರೆ ಕನ್ನಡದ ಬಳಕೆಯಲ್ಲಿ ಆ ಪದ ಮೃದುವಾಗಿದೆ. ಭಾಷಾಭಿಮಾನ, ನಾಡಾಭಿಮಾನ ಎಂದಾಗ ಅದು ಪ್ರೀತಿ, ಗೌರವ. ಅದೇ ಪದ ಕೆಟ್ಟಾಗ ದುರಭಿಮಾನ. ಒಂದೇ ಪದದಲ್ಲಿ ಅಹಂಕಾರವೂ ಪ್ರೀತಿಯೂ ಕೂಡಿ ವಾಸಿಸುತ್ತಿರುವುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ.

ಗುಬ್ಬಿಯವರಾದ ನಮಗೆ ನೋಡುವವನ ಮಹತ್ತ್ವವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. 1884ರಲ್ಲಿ ಇಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನ ಮನೆಮಾತಾಯಿತು. ಕುರುಕ್ಷೇತ್ರ ನಾಟಕಕ್ಕಾಗಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಆ ವೈಭವ ನಡೆದುದು ಪ್ರೇಕ್ಷಕರ ಅಭಿಮಾನದಿಂದಲೇ. ಆ ಕಂಪನಿಯಲ್ಲಿ ಬಣ್ಣ ಹಚ್ಚಿ, 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ನಾಯಕನಟರಾದ ಡಾ. ರಾಜ್‌ಕುಮಾರ್ ಅವರು ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದರು. ಅಭಿಮಾನಿಗೆ ಇದಕ್ಕಿಂತ ಹಿರಿಯ ಪದವಿಯನ್ನು ಯಾರೂ ಕೊಟ್ಟಿಲ್ಲ. ಪದವಿ ದೊರೆತ ಮೇಲೆ ಅದಕ್ಕೆ ತಕ್ಕ ನಡತೆಯೂ ಬೇಕಷ್ಟೆ.

ಆಟವನ್ನು ನಮ್ಮ ಪೂರ್ವಿಕರು ಹೀನವೆಂದು ಬಗೆಯಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ಕಾಳಗವೂ, ಕುದುರೆಯೇರಿ ಆಡುವ ಚೆಂಡಾಟವೂ ವಿನೋದಗಳ ಸಾಲಿನಲ್ಲಿ ವರ್ಣಿತವಾಗಿವೆ. ಆಡುವುದರಂತೆಯೇ ಆಡುವುದನ್ನು ನೋಡುವುದೂ ಅಲ್ಲಿ ಒಂದು ವಿನೋದ. ಹಾಗಾದರೆ ದೋಷವಿರುವುದು ನೋಡುವುದರಲ್ಲಲ್ಲ, ನೋಡುವ ರೀತಿಯಲ್ಲಿ.

ಬರಿಗಾಲಿನವರ ಪರಂಪರೆ

ಮೊಮ್ಮಗನನ್ನು ಬೈದು ಫಲವಿಲ್ಲವೆಂದು ನನಗೆ ತಿಳಿದಿತ್ತು. ಅವನಿಗೆ ಪ್ರಿಯವಾದ ವಿಷಯವನ್ನೇ ಹಿಡಿದು ಅವನ ಬಳಿಗೆ ಹೋಗಬೇಕೆಂದು, ಕೆಲವು ದಿನ ಕಾಲ್ಚೆಂಡಿನ ಇತಿಹಾಸವನ್ನು ಹುಡುಕಿ ಓದಿದೆ. ಒಂದು ಸಂಜೆ ಕೇಳಿದೆ: “ಮೆಸ್ಸಿಯ ಊರು, ಅವನ ತಂದೆತಾಯಿ, ಅವನ ಗೋಲುಗಳ ಲೆಕ್ಕ ಎಲ್ಲವೂ ನಿನಗೆ ಬಾಯಿಪಾಠ. ಸಾರಂಗಪಾಣಿ ರಾಮನ್ ಯಾರು, ಗೊತ್ತೇನಪ್ಪಾ?” ಅವನಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆ?

1948ರ ಜುಲೈ 31. ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಕಾಲ್ಚೆಂಡಿನ ತಂಡವು ಫ್ರಾನ್ಸನ್ನು ಎದುರಿಸಿತು. ನಾಗಾ ಬೆಟ್ಟಗಳ ವೈದ್ಯ ತಾಲಿಮೆರೆನ್ ಆವ್ ನಾಯಕರು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿ ಅವಕಾಶಗಳು ಕೈತಪ್ಪಿ, 2–1ರಿಂದ ನಮಗೆ ಸೋಲಾಯಿತು. ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದ ಪರವಾಗಿ ಆಡುತ್ತಿದ್ದ, ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಗಳಿಸಿದ ಮೊದಲನೆಯ ಕಾಲ್ಚೆಂಡಿನ ಗೋಲು ಅದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮತ್ತು ಧನರಾಜ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯಲ್ಲಿ ಆಡಿದರು. ಅಲ್ಲಿಯ ಐವರು ಆಟಗಾರರನ್ನು ಬಂಗಾಳದ ಜನ ‘ಪಂಚಪಾಂಡವರು’ ಎಂದು ಕೊಂಡಾಡಿದರು. ಆ ಐವರಲ್ಲಿ ಇವರಿಬ್ಬರೂ ಸೇರಿದ್ದರು.

ಇನ್ನೂ ಹಿಂದಕ್ಕೆ ಹೋಗೋಣ. 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ತಂಡದವರು ಒಬ್ಬರ ಹೊರತು ಎಲ್ಲರೂ ಬರಿಗಾಲಲ್ಲಿ ಆಡಿ, ಬೂಟು ತೊಟ್ಟ ಆಂಗ್ಲ ಸೈನಿಕರ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದರು. ಪರಾಧೀನರಾಗಿದ್ದ ಜನಕ್ಕೆ ಅದು ಆಟದ ಗೆಲುವು ಮಾತ್ರವಾಗಿರಲಿಲ್ಲ. ನಮ್ಮ ಕಡೆಯಲ್ಲಿ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿತು. ಮರುವರ್ಷವೂ ಅದನ್ನು ಉಳಿಸಿಕೊಂಡಿತು. ರಾಜ್ಯಗಳು ಸೆಣಸುವ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946–47, 1952–53, 1967–68 ಮತ್ತು 1968–69ರಲ್ಲಿ, ಹೀಗೆ ನಾಲ್ಕು ಬಾರಿ ಗೆದ್ದಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಮಣಿಸಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಬೆಂಗಳೂರಿನ ಗೌತಮಪುರದಲ್ಲಿ ಇಂದಿಗೂ ಬ್ರೆಜಿಲಿನ ಪೆಲೆಯ ಪ್ರತಿಮೆ ನಿಂತಿದೆ. ಬಡವರ ಕೇರಿಯ ಜನ ತಮಗೆ ಪ್ರಿಯವಾದ ಆಟಕ್ಕೆ ಸಲ್ಲಿಸಿದ ಗೌರವ ಅದು.

ಕಾರ್ಖಾನೆಗಳ ಕಥೆಯೂ ಇದರೊಳಗೇ ಇದೆ. ಐ.ಟಿ.ಐ., ಎಚ್.ಎ.ಎಲ್. ಮುಂತಾದ ಕಾರ್ಖಾನೆಗಳ ನೌಕರರು ಕೆಲಸದ ಜೊತೆಗೆ ಆಟವನ್ನೂ ನಡೆಸಿ ಬೆಂಗಳೂರಿನ ಫುಟ್‌ಬಾಲನ್ನು ದಶಕಗಳ ಕಾಲ ಬೆಳೆಸಿದರು. ಎಚ್.ಎ.ಎಲ್. ತಂಡವಂತೂ 2010ರ ನಂತರ ಎರಡು ಋತು ದೇಶದ ಅಗ್ರ ಲೀಗಿನಲ್ಲಿ ಆಡಿತು. ಅದೇ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ದುಡಿಮೆಗೂ ಆಟಕ್ಕೂ ವಿರೋಧವಿಲ್ಲ, ಕಾಯಕವನ್ನು ಮುಗಿಸಿದವನ ಸಂಜೆಯು ಮೈದಾನದಲ್ಲಿ ಸಾರ್ಥಕವಾಗಬಲ್ಲದು ಎಂಬುದಕ್ಕೆ ಆ ನೌಕರರೇ ಸಾಕ್ಷಿ.

ಇದನ್ನೆಲ್ಲ ಹೇಳಿದ್ದು ಮೆಸ್ಸಿಯನ್ನು ಬಿಡು ಎಂದಲ್ಲ. ವಿದ್ಯೆಯಂತೆ ಆಟಕ್ಕೂ ದೇಶದ ಗಡಿಯಿಲ್ಲ. ಎಲ್ಲಿಯ ಪ್ರತಿಭೆಯನ್ನಾದರೂ ಮೆಚ್ಚಬಹುದು. ಆದರೆ ದೂರದ ದೀಪವನ್ನು ಕೊಂಡಾಡುವವನು ಮನೆಯ ದೀಪಕ್ಕೂ ಎಣ್ಣೆ ಹಾಕಬೇಕಲ್ಲವೇ? 2018ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5–0ರಿಂದ ಸೋಲಿಸಿದಾಗ ನೋಡಲು ಬಂದವರು ಎರಡೂವರೆ ಸಾವಿರದಷ್ಟು ಜನ ಮಾತ್ರ. ಭಾರತದ ನಾಯಕರೂ, 2013ರಿಂದ ಬೆಂಗಳೂರು ಎಫ್.ಸಿ. ತಂಡದ ಆಟಗಾರರೂ ಆಗಿದ್ದ ಸುನಿಲ್ ಛೇತ್ರಿಯವರು ಜನರಿಗೆ ಕೈಮುಗಿದು ಮನವಿ ಮಾಡಿಕೊಂಡರು. ಬೈಯಬೇಕೆನಿಸಿದರೆ ಬೈಯಿರಿ, ಆದರೆ ಮೈದಾನಕ್ಕೆ ಬಂದು ಬೈಯಿರಿ ಎಂಬುದು ಅವರ ಮಾತಿನ ತಾತ್ಪರ್ಯ. ಮುಂದಿನ ಪಂದ್ಯಕ್ಕೆ, ಸುರಿಯುವ ಮಳೆಯಲ್ಲಿಯೂ, ಕ್ರೀಡಾಂಗಣ ತುಂಬಿತ್ತು. ಅಭಿಮಾನಿ ಬರಿಯ ನೋಡುಗನಲ್ಲ, ಅವನಿಲ್ಲದೆ ಆಟಕ್ಕೆ ಜೀವವಿಲ್ಲ ಎಂಬುದು ಆ ಮಳೆಯ ಸಂಜೆ ಸಿದ್ಧವಾಯಿತು.

ಅಭಿಮಾನವು ಅಪಾಯವಾಗುವ ಬಗೆ

ಇಷ್ಟು ಬಲವುಳ್ಳ ಭಾವವು ಕಟ್ಟು ಮೀರಿದರೆ ಏನಾಗುವುದೆಂಬುದಕ್ಕೆ ದುಃಖದ ನಿದರ್ಶನಗಳೂ ಇವೆ. 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್ ತಂಡಗಳ ಪಂದ್ಯದ ವೇಳೆ ಅಭಿಮಾನಿಗಳ ನಡುವೆ ಗಲಭೆ ಎದ್ದು, ನೂಕುನುಗ್ಗಲಿನಲ್ಲಿ 16 ಜನ ಮಡಿದರು. 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಕಂಜುರುಹಾನ್ ಕ್ರೀಡಾಂಗಣದಲ್ಲಿ 135 ಜನ ಸತ್ತರು. ಅಲ್ಲಿ ಸೋತ ತಂಡದ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದರು, ಪೊಲೀಸರು ಅಶ್ರುವಾಯು ಸಿಡಿಸಿದರು, ಬಾಗಿಲುಗಳ ಬಳಿ ಜನ ಉಸಿರುಕಟ್ಟಿದರು. ನಮ್ಮ ಕಣ್ಣೆದುರಿನದು ಇನ್ನೂ ಹಸಿಯಾಗಿಯೇ ಇದೆ. 2025ರ ಜೂನ್ 3ರಂದು ಬೆಂಗಳೂರಿನ ಕ್ರಿಕೆಟ್ ತಂಡವು ಹದಿನೆಂಟನೆಯ ಋತುವಿನಲ್ಲಿ ಮೊದಲ ಬಾರಿಗೆ ಐ.ಪಿ.ಎಲ್. ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವ ನೋಡಲು ನೆರೆದ ಜನಸಾಗರದಲ್ಲಿ ಕಾಲ್ತುಳಿತವಾಗಿ 11 ಜನ ಪ್ರಾಣ ಬಿಟ್ಟರು. ಹೆಚ್ಚಿನವರು ತರುಣ ತರುಣಿಯರು. ಬೆಳಿಗ್ಗೆ ನಗುತ್ತ ಮನೆಯಿಂದ ಹೊರಟ ಮಕ್ಕಳು.

ಆ ಮಕ್ಕಳ ಮೇಲೆ ತಪ್ಪು ಹೊರಿಸುವುದು ಅಧರ್ಮ. ಜನರನ್ನು ಕರೆದ ಮೇಲೆ ಜನರಿಗೆ ದಾರಿ ಮಾಡಿಕೊಡುವ ಹೊಣೆಯೂ ಕರೆದವರದೇ. ಜಾತ್ರೆ ನಡೆಸಿದ ಅನುಭವವುಳ್ಳ ನಮ್ಮ ಊರುಗಳಿಗೆ ಇದು ತಿಳಿಯದ ವಿಷಯವಲ್ಲ. ತೇರಿನ ಹಗ್ಗ ಎಳೆಯುವವರಷ್ಟೇ ಮುಖ್ಯರಾದವರು ಗಾಲಿಯ ಬಳಿ ನಿಂತು ಜನರನ್ನು ಹಿಂದೆ ಸರಿಸುವವರು. ಆದರೂ ತಂದೆತಾಯಿಗಳಾದ ನಾವು ಮಕ್ಕಳಿಗೆ ಒಂದು ಮಾತು ಹೇಳಿಕೊಡಬೇಕು: ಗೆದ್ದ ತಂಡದ ಮುಖ ನಾಳೆಯೂ ಕಾಣಸಿಗುತ್ತದೆ, ದಟ್ಟಣೆಯನ್ನು ಕಂಡಾಗ ಹಿಂದಿರುಗುವುದು ಹೇಡಿತನವಲ್ಲ.

ಕಲ್ಕತ್ತೆಯವರು ತಮ್ಮ ದುಃಖವನ್ನು ಬಳಸಿದ ರೀತಿಯನ್ನೂ ಇಲ್ಲಿ ನೆನೆಯಬೇಕು. ಆಗಸ್ಟ್ 16ನ್ನು ಅವರು ಫುಟ್‌ಬಾಲ್ ಪ್ರೇಮಿಗಳ ದಿನವಾಗಿ ಆಚರಿಸುತ್ತ ಬಂದಿದ್ದಾರೆ. ಅಂದು ರಕ್ತದಾನದ ಶಿಬಿರಗಳು ನಡೆಯುತ್ತವೆ. ಪಕ್ಷಭೇದಕ್ಕಾಗಿ ಹರಿದ ರಕ್ತದ ನೆನಪಿಗೆ ಪಕ್ಷಭೇದವಿಲ್ಲದೆ ರಕ್ತವನ್ನು ಕೊಡುವುದು! ದಾಸೋಹವೆಂಬ ಮಾತನ್ನು ಬಲ್ಲ ನಮಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಮತ್ತೊಂದು ಅಪಾಯ ಸದ್ದಿಲ್ಲದೆ ಮನೆಯೊಳಗೆ ಬರುವಂಥದು. ಅದು ಬಾಜಿ. ಮೊಬೈಲ್ ಫೋನಿನಲ್ಲಿ ಪಂದ್ಯದ ಮೇಲೆ ಹಣ ಹೂಡಿ ಸಂಬಳ ಕಳೆದುಕೊಂಡ, ಹೆಂಡತಿಯ ಒಡವೆ ಅಡವಿಟ್ಟ ಸಂಸಾರಗಳ ಗೋಳನ್ನು ಹಳ್ಳಿಹಳ್ಳಿಗಳಲ್ಲಿ ಕೇಳಿದ್ದೇವೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ತಂದಿತು. ಕಾಯಿದೆ ಬಾಗಿಲನ್ನು ಮುಚ್ಚಬಹುದು, ಚಿಲಕ ಹಾಕಬೇಕಾದವರು ಮನೆಯವರೇ. ಹಣ ಹೂಡಿದವನು ಆಟವನ್ನು ನೋಡುವುದಿಲ್ಲ, ತನ್ನ ಹಣವನ್ನು ನೋಡುತ್ತಿರುತ್ತಾನೆ. ಅವನಿಗೆ ಒಳ್ಳೆಯ ಆಟವೂ ಇಲ್ಲ, ಕೆಟ್ಟ ಆಟವೂ ಇಲ್ಲ, ಲಾಭನಷ್ಟಗಳು ಮಾತ್ರ.

ಗೆರೆಯ ಬಳಿ ನಿಂತವನು

ಇತಿಹಾಸವನ್ನು ಕೇಳಿ ಮೊಮ್ಮಗ ಸಂತೋಷಪಟ್ಟ. ಆದರೆ ಪಕ್ಕದ ಮನೆಯ ಮಾತೆತ್ತಿದರೆ ಮುಖ ಬಿಗಿದುಕೊಳ್ಳುತ್ತಿದ್ದ. “ರೆಫರಿಯನ್ನು ಕೊಂಡುಕೊಂಡಿದ್ದಾರೆ ಅಂತ ಅವನು ಮೊದಲು ಹೇಳಿದ್ದು, ತಾತ. ತಪ್ಪು ಅವನದು” ಎನ್ನುತ್ತಿದ್ದ. ಆಗ ಅವನಿಗೆ ಅರ್ಜೆಂಟೀನಾದವರದೇ ಒಂದು ಹಳೆಯ ಕಥೆ ಹೇಳಿದೆ. 1986ರ ಜೂನ್ 22ರಂದು ಮೆಕ್ಸಿಕೋದಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಮರಡೋನಾ ಇಂಗ್ಲೆಂಡಿನ ವಿರುದ್ಧ ಚೆಂಡನ್ನು ಕೈಯಿಂದ ತಟ್ಟಿ ಗೋಲು ಮಾಡಿದ. ರೆಫರಿ ಕಾಣಲಿಲ್ಲ, ಗೋಲು ಉಳಿಯಿತು. ಅದರಲ್ಲಿ ದೇವರ ಕೈವಾಡವಿತ್ತೆಂದು ಮರಡೋನಾ ಆಮೇಲೆ ಚಮತ್ಕಾರದಿಂದ ಹೇಳಿದ. ನಾಲ್ಕೇ ನಿಮಿಷಗಳ ಬಳಿಕ ಎದುರಾಳಿಗಳನ್ನು ಒಬ್ಬೊಬ್ಬರಾಗಿ ದಾಟಿ ಅವನು ಹೊಡೆದ ಎರಡನೆಯ ಗೋಲನ್ನು ಜಗತ್ತು ಶತಮಾನದ ಗೋಲೆಂದು ಕೊಂಡಾಡಿತು.

“ಆ ಮೊದಲನೆಯ ಗೋಲು ನ್ಯಾಯವೇ?” ಎಂದು ಕೇಳಿದೆ.

“ನಮ್ಮ ತಂಡ ಗೆದ್ದಿತಲ್ಲ, ತಾತ” ಎಂದ.

ಆ ಉತ್ತರ ಕೇಳಿದಾಗ ನನ್ನೊಳಗೆ ಐವತ್ತು ವರ್ಷಗಳಿಂದ ಮುಚ್ಚಿಟ್ಟಿದ್ದ ಒಂದು ಬಾಗಿಲು ತೆರೆಯಿತು. ಯಾರಿಗೂ ಹೇಳದಿದ್ದುದನ್ನು ಅಂದು ಅವನಿಗೆ ಹೇಳಿದೆ. ಓದುಗರಿಗೂ ಹೇಳುತ್ತಿದ್ದೇನೆ.

ನಾನು ಮಠವೊಂದರ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದ ದಿನಗಳು. ಸಂಜೆ ಪ್ರಾರ್ಥನೆಗೆ ಮುಂಚೆ ಕಬಡ್ಡಿ ಆಡುತ್ತಿದ್ದೆವು. ಒಂದು ದಿನ ನಮ್ಮ ಕೊಠಡಿಯವರಿಗೂ ಮತ್ತೊಂದು ಕೊಠಡಿಯವರಿಗೂ ಪಂದ್ಯ. ನನ್ನ ಕಾಲು ಉಳುಕಿದ್ದರಿಂದ ನಡುಗೆರೆಯ ಬಳಿ ನಿಂತು ನೋಡಿ ಹೇಳುವ ಕೆಲಸವನ್ನು ನನಗೆ ಒಪ್ಪಿಸಿದರು. ಊಟದ ಪಂಕ್ತಿಯಲ್ಲಿ ದಿನವೂ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನು ಎದುರು ಪಕ್ಷದಿಂದ ದಾಳಿಗೆ ಬಂದ. ನಮ್ಮವರು ಅವನನ್ನು ಹಿಡಿದು ಕೆಡವಿದರು. ಅವನು ಉಸಿರು ಬಿಡದೆ ತೆವಳಿ ಕೈಚಾಚಿದ. ಅವನ ಬೆರಳುಗಳು ಗೆರೆಯನ್ನು ಮುಟ್ಟಿದ್ದನ್ನು ನಾನು ಸ್ಪಷ್ಟವಾಗಿ ಕಂಡೆ. ಎಲ್ಲರೂ ನನ್ನತ್ತ ತಿರುಗಿದರು. ನಾನು “ಮುಟ್ಟಲಿಲ್ಲ” ಎಂದೆ.

ಅವನು ಜಗಳವಾಡಲಿಲ್ಲ. ಧೂಳು ಕೊಡವಿಕೊಂಡು ಎದ್ದು, “ನೀನು ನೋಡಿದೆಯಲ್ಲ” ಎಂದಷ್ಟೇ ಹೇಳಿದ. ಮರುದಿನದಿಂದ ಬೇರೆ ಪಂಕ್ತಿಯಲ್ಲಿ ಕುಳಿತ. ನಾಳೆ ಹೇಳೋಣ, ನಾಡಿದ್ದು ಹೇಳೋಣವೆಂದು ನಾನು ದಿನ ಕಳೆದೆ. ಪರೀಕ್ಷೆ ಮುಗಿದು ಅವರವರ ಊರಿಗೆ ಹೋದೆವು. ಕೆಲವು ವರ್ಷಗಳ ನಂತರ ಅವನು ತೀರಿಕೊಂಡನೆಂಬ ಸುದ್ದಿ ಬಂದಿತು. ಆ ಪಂದ್ಯದಲ್ಲಿ ನಮ್ಮ ಕೊಠಡಿ ಎಷ್ಟು ಅಂಕಗಳಿಂದ ಗೆದ್ದಿತೆಂದು ನನಗೆ ನೆನಪಿಲ್ಲ. ಅವನ ಮಾತು ಮಾತ್ರ ನೆನಪಿದೆ.

ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಅಜ್ಜಿಗೆ ಅಷ್ಟು ಹುಷಾರಿರಲಿಲ್ಲ ಅಂತ ನನಗೆ ಗೊತ್ತಿತ್ತು, ತಾತ. ಗೊತ್ತಿದ್ದೂ ಪಟಾಕಿ ಹಚ್ಚಿದೆ” ಎಂದ. ನಾನು, “ನನಗೂ ಗೊತ್ತಿತ್ತು, ಮಗು. ಗೊತ್ತಿದ್ದೂ ಸುಮ್ಮನಿದ್ದೆ” ಎಂದೆ. ಮರುದಿನ ಬೆಳಿಗ್ಗೆ ಇಬ್ಬರೂ ಆ ಮನೆಗೆ ಹೋದೆವು. ಆ ವೃದ್ಧೆಯ ಮಂಚದ ಬಳಿ ನಿಂತು ಅವನು ತಪ್ಪಾಯಿತೆಂದು ಹೇಳಿದ. ನಾನೂ ಹೇಳಿದೆ. “ಅಯ್ಯೋ, ಹೋಗಲಿ ಬಿಡಿ ಸ್ವಾಮಿ, ಮಕ್ಕಳು” ಎಂದು ಆಕೆ ನಕ್ಕರು. ಅವನ ಗೆಳೆಯ ಮಾತ್ರ ಬಾಗಿಲ ಸಂದಿಯಲ್ಲಿ ನಿಂತಿದ್ದವನು ಒಳಗೆ ಹೋಗಿಬಿಟ್ಟ. ಮುರಿದದ್ದು ಒಂದೇ ಮಾತಿಗೆ ಕೂಡುವುದಿಲ್ಲ.

ಬಯಲಿಗೆ ಇಳಿದಾಗ

ಕೂಡಿಸಿದ್ದು ಆಟವೇ. ನಾನು ಮೊಮ್ಮಗನಿಗೆ ಒಂದು ಚೆಂಡು ತಂದುಕೊಟ್ಟು, ವಾರಕ್ಕೆ ಮೂರು ದಿನವಾದರೂ ಬಯಲಿಗೆ ಹೋಗಿ ಆಡಿದರೆ ಮಾತ್ರ ಟಿ.ವಿ.ಯಲ್ಲಿ ಪಂದ್ಯ ನೋಡಬಹುದೆಂದು ಕಟ್ಟು ಮಾಡಿದೆ. ನಾಲ್ಕು ಕಲ್ಲುಗಳನ್ನಿಟ್ಟು ಎರಡು ಗೋಲುಗಳಾದವು. ಓಡುವವರು ಬೇಕಾದಷ್ಟು ಜನ, ಗೋಲಿನ ಮುಂದೆ ನಿಂತು ಬೀಳುವುದಕ್ಕೆ ಯಾರೂ ಒಪ್ಪುತ್ತಿರಲಿಲ್ಲ. ಆ ಕೆಲಸವನ್ನು ಧೈರ್ಯದಿಂದ ಮಾಡಬಲ್ಲವನು ನಮ್ಮ ಬೀದಿಯಲ್ಲಿ ಒಬ್ಬನೇ, ಆ ಕಡುನೀಲಿ ಅಂಗಿಯ ಹುಡುಗ. ಮೂರನೆಯ ದಿನ ಮೊಮ್ಮಗ ಅವರ ಬಾಗಿಲಿಗೆ ಹೋಗಿ, “ಗೋಲ್‌ಕೀಪರ್ ಇಲ್ಲ ಕಣೋ, ಬಾರೋ” ಎಂದು ಕರೆದನಂತೆ. ಅವನು ಬಂದ. ಕ್ಷಮೆ, ರಾಜಿ ಎಂಬ ಮಾತುಗಳೇನೂ ಅವರ ನಡುವೆ ನಡೆಯಲಿಲ್ಲವೆಂದು ತೋರುತ್ತದೆ. ಸಂಜೆ ಇಬ್ಬರೂ ಮೊಣಕಾಲು ತರಚಿಕೊಂಡು ಒಂದೇ ಲೋಟದಲ್ಲಿ ನೀರು ಕುಡಿಯುತ್ತಿದ್ದುದನ್ನು ನಾನು ಜಗುಲಿಯಿಂದ ಕಂಡೆ.

ಬಯಲಿಗಿಳಿದ ಮೇಲೆ ಇಬ್ಬರ ನೋಟವೂ ಬದಲಾಯಿತು. ತಾನು ಹತ್ತು ಹೆಜ್ಜೆಯಿಂದ ಹೊಡೆದ ಚೆಂಡು ಕಲ್ಲಿನಾಚೆ ಹೋದಾಗ, ಪೆನಾಲ್ಟಿ ತಪ್ಪಿಸಿಕೊಂಡ ಆಟಗಾರನನ್ನು ಮೂರ್ಖನೆಂದು ಜರೆಯುವುದು ಕಷ್ಟವಾಗುತ್ತದೆ. ಕೆಲವು ದಿನಗಳಲ್ಲಿ ನನ್ನ ಮೊಮ್ಮಗಳೂ ಅಣ್ಣನ ಹಿಂದೆ ಹೋಗತೊಡಗಿದಳು. ಹೆಣ್ಣುಮಗುವಿಗೇಕೆ ಎಂದು ಕೇಳಿದವರೂ ಇದ್ದರು. 2025ರ ಜುಲೈ 5ರಂದು ಭಾರತದ ಮಹಿಳಾ ತಂಡವು ಥಾಯ್ಲೆಂಡನ್ನು ಅವರ ನೆಲದಲ್ಲಿಯೇ 2–1ರಿಂದ ಸೋಲಿಸಿ, ಅರ್ಹತಾ ಪಂದ್ಯಗಳ ಮೂಲಕ ಮೊದಲ ಸಲ ಏಷ್ಯಾ ಕಪ್ ಪ್ರವೇಶಿಸಿದಾಗ, ಹಾಗೆ ಕೇಳಿದವರಿಗೆ ಉತ್ತರ ಕೊಡುವ ಕೆಲಸ ನನಗೆ ಉಳಿಯಲಿಲ್ಲ.

2023ರ ಮಾರ್ಚ್ 5ರ ಬೆಳಿಗ್ಗೆ ಇಬ್ಬರು ಹುಡುಗರೂ ಒಟ್ಟಿಗೆ ಓಡಿಬಂದು ನನ್ನನ್ನು ಕೂಗಿದರು. ಹಿಂದಿನ ದಿನ ಸೌದಿ ಅರೇಬಿಯಾದ ರಿಯಾಧ್ ನಗರದಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. 1968–69ರ ನಂತರ ಐವತ್ತನಾಲ್ಕು ವರ್ಷಗಳಿಗೆ ಬಂದ ಗೆಲುವು. ಮೈಸೂರು ಎಂಬ ಹೆಸರು ಕರ್ನಾಟಕವಾದ ಮೇಲೆ ಮೊದಲನೆಯದು. “ತಾತ, ನೀವು ಹೇಳಿದ್ದ ಕಪ್ಪು!” ಎಂದ ಮೊಮ್ಮಗ. ಅವನ ಗೆಳೆಯ ಸ್ವಲ್ಪ ತಡೆದು, “ಮೇಘಾಲಯದವರು ಇದೇ ಮೊದಲ ಸಲ ಫೈನಲ್‌ಗೆ ಬಂದಿದ್ದರಂತೆ, ಪಾಪ” ಎಂದ. ಗೆದ್ದವರ ಸಂತೋಷದಲ್ಲಿಯೂ ಸೋತವರನ್ನು ನೆನೆದ ಆ ‘ಪಾಪ’ ಎಂಬ ಒಂದು ಮಾತಿಗಾಗಿ ನಾನು ಎರಡು ತಿಂಗಳು ಕಾದಿದ್ದೆ.

ಮನೆಗೆ ಬರಬೇಕಾದ ಫಲ

ಓದುಗ ಬಂಧುಗಳೇ, ನಿತ್ಯಜೀವನದಲ್ಲಿ ಆಟಕ್ಕಿರುವ ಸ್ಥಾನ ಇದೆಂದು ನಾನು ತಿಳಿದಿದ್ದೇನೆ. ಬೆಳೆ ಕೈಕೊಡುವುದು, ಪರೀಕ್ಷೆಯಲ್ಲಿ ನಪಾಸಾಗುವುದು, ವ್ಯಾಪಾರದಲ್ಲಿ ನಷ್ಟವಾಗುವುದು, ಕೊಬ್ಬರಿಯ ಬೆಲೆ ಬೀಳುವುದು ಯಾವ ಮನೆಗೂ ತಪ್ಪಿದ್ದಲ್ಲ. ಸೋಲನ್ನು ತಡೆದುಕೊಳ್ಳುವುದನ್ನೂ, 80 ನಿಮಿಷ ಹಿಂದೆ ಬಿದ್ದವನು 81ನೆಯ ನಿಮಿಷದಲ್ಲಿ ಎದ್ದು ನಿಲ್ಲಬಲ್ಲನೆಂಬುದನ್ನೂ, ಎದುರಾಳಿ ವೈರಿಯಲ್ಲವೆಂಬುದನ್ನೂ ಮಕ್ಕಳು ಪ್ರಾಣಹಾನಿಯಿಲ್ಲದೆ ಕಲಿಯುವ ಶಾಲೆ ಆಟದ ಬಯಲು. ಅಲ್ಲಿ ಆಡುವವನಿಗಿರುವಂತೆ ನೋಡುವವನಿಗೂ ಧರ್ಮವುಂಟು: ಕಂಡದ್ದನ್ನು ಕಂಡಂತೆ ಹೇಳುವುದು, ತನ್ನವರ ತಪ್ಪನ್ನು ತಪ್ಪೆನ್ನುವುದು, ಸೋತವನ ಬಾಗಿಲಲ್ಲಿ ಪಟಾಕಿ ಹಚ್ಚದಿರುವುದು.

ನಿಮ್ಮ ಮನೆಯಲ್ಲಿಯೂ ಯಾವುದೋ ದೇಶದ ಅಂಗಿ ತೊಟ್ಟ ಮಗುವೊಂದು ಇರಬಹುದು. ಗದರಿಸುವ ಮುನ್ನ ಒಂದು ಪಂದ್ಯವನ್ನು ಅದರ ಪಕ್ಕದಲ್ಲಿ ಕುಳಿತು ನೋಡಿರಿ. ಪಂದ್ಯ ಮುಗಿದ ಮೇಲೆ ಎದ್ದುಹೋಗದೆ, ಮುಂದಿನ ಹತ್ತು ನಿಮಿಷವೂ ಜೊತೆಯಲ್ಲಿರಿ. ಹಿರಿಯರು ಬೇಕಾಗುವುದು ಆ ಹತ್ತು ನಿಮಿಷಗಳಲ್ಲಿ.

2024ರ ಸಂಕ್ರಾಂತಿಯಂದು ಎರಡು ಮನೆಯಾಚೆಯಿಂದ ಎಳ್ಳುಬೆಲ್ಲದ ತಟ್ಟೆ ನಮ್ಮ ಮನೆಗೆ ಬಂದಿತು. ತಂದವನು ಆ ಹುಡುಗನೇ. ನಮ್ಮ ಮನೆಯ ತಟ್ಟೆಯೂ ಆ ವೇಳೆಗೆ ಅವರ ಮನೆಗೆ ಹೊರಟಿತ್ತು. ಎಲ್ಲರ ಮನೆಗಳಲ್ಲಿಯೂ ಮಕ್ಕಳ ಆಟ ನಿರ್ವಿಘ್ನವಾಗಿ ಸಾಗಲಿ, ನೆರೆಹೊರೆಯ ಸ್ನೇಹ ಅದರಿಂದ ಬೆಳೆಯಲಿ ಎಂದು ಹಾರೈಸುತ್ತೇನೆ.